ಗೋಡೆಯ ಮೇಲಿನ ಕುಂಕುಮ

ನಮ್ಮ ಬೀದಿಯ ಗೋಡೆಯ ಮೇಲೆ ನಾನು ಬರೆದ ಹೂವಿನಮ್ಮನ ಚಿತ್ರದ ಎದುರು ನಿಂತು ಫೋಟೊ ತೆಗೆಸಿಕೊಳ್ಳಲು ಈಗ ಹಾಸನ, ತಿಪಟೂರಿನಿಂದೆಲ್ಲ ಜನ ಬರುತ್ತಾರೆ. ನಾನು ಮಾತ್ರ ಹಾಲು ತರಲು ಹೋಗುವಾಗಲೂ ಹಿಂದಿನ ಸಂದಿಯಲ್ಲಿ ಸುತ್ತು ಹಾಕಿಕೊಂಡು ಹೋಗುತ್ತೇನೆ. ಮಂಡಿನೋವಿನ ಮುದುಕ ಹೀಗೆ ಸುತ್ತುವುದನ್ನು ಕಂಡು ಬೀದಿಯ ಎಷ್ಟೋ ಜನ, ಮೇಷ್ಟ್ರಿಗೆ ಹೊಗಳಿಕೆ ಅಂದರೆ ನಾಚಿಕೆ ಎಂದು ತಿಳಿದಿದ್ದಾರೆ. ಹೊಗಳಿಕೆಗೆ ನಾಚುವ ಪೈಕಿ ನಾನಲ್ಲ. ಯಾರಾದರೂ ಹೊಗಳುತ್ತಾರೇನೋ ಎಂದು ಜೀವಮಾನವೆಲ್ಲ ಬಾಯಿಬಿಟ್ಟುಕೊಂಡು ಕಾದವನು. ನಾನು ತಪ್ಪಿಸಿಕೊಂಡು ತಿರುಗುವುದು ಆ ಚಿತ್ರದ ಹಣೆಯ ಮೇಲಿರುವ ಕುಂಕುಮಕ್ಕೆ ಹೆದರಿ.

ಬಾಣಾವರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಮನೆ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಪಕ್ಕದ ಬೀದಿಯಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್ಸು. ಡ್ರಾಯಿಂಗ್ ಮೇಷ್ಟ್ರಿಗೆ ಸ್ಕೂಲಿನಲ್ಲಿ ಎಷ್ಟು ಮರ್ಯಾದೆ ಎಂದು ಕೇಳಬೇಡಿ. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಪಿರಿಯಡ್ಡನ್ನು ಗಣಿತದವರು ಒಂದು ಮಾತೂ ಕೇಳದೆ ಎತ್ತಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋದಾಗ ಮಾತ್ರ ನಾನೇ ರಾಜ. ಹಳೇಬೀಡಿನ ಗುಡಿಯ ಗೋಡೆಯ ಮುಂದೆ ಅವರನ್ನು ಕೂರಿಸಿ, ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಅದಕ್ಕೂ ಮೇಲೆ ಕಥೆಯ ಸಾಲು, ಹೀಗೆ ಒಂದರ ಮೇಲೊಂದು ಇಟ್ಟರೆ ಗೋಡೆಗೆ ಉಸಿರು ಬರುತ್ತದೆ ನೋಡಿ ಎಂದು ಬೆತ್ತ ಆಡಿಸುತ್ತಿದ್ದೆ. ಮಕ್ಕಳು ಕೆರೆಯ ಕಡೆ ನೋಡುತ್ತಾ ಪುಳಿಯೋಗರೆ ಯಾವಾಗ ಎಂದು ಪಿಸುಗುಡುತ್ತಿದ್ದವು.

ನಮ್ಮ ಬೀದಿಗೂ ಒಂದು ಕಾಲವಿತ್ತು. ಇಲ್ಲಿ ರೈಲು ಬದಲಿಸುವವರು ಗಂಟೆಗಟ್ಟಲೆ ಕಾಯಬೇಕಾಗಿದ್ದ ದಿನಗಳಲ್ಲಿ ಎರಡು ಲಾಡ್ಜು, ಮೂರು ಹೋಟೆಲು, ಒಂದು ಸೈಕಲ್ ಶಾಪು ಬೆಳಗಿನಿಂದ ರಾತ್ರಿಯವರೆಗೆ ಗಿಜಿಗುಟ್ಟುತ್ತಿದ್ದವು. ಆಮೇಲೆ ಜನ ಕಾಯುವುದನ್ನು ಬಿಟ್ಟರು, ಲಾಡ್ಜುಗಳ ಬಾಗಿಲು ಮುಚ್ಚಿತು. ಬೀದಿಯ ಒಂದು ಬದಿಗೆ ಉದ್ದಕ್ಕೂ ರೈಲ್ವೆಯ ಕಾಂಪೌಂಡ್ ಗೋಡೆ. ಅದರ ಬುಡಕ್ಕೆ ನಿಂತು ಗಂಡಸರು ಮಾಡುತ್ತಿದ್ದ ಕೆಲಸದಿಂದಾಗಿ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದೇ ಓಡಾಡಬೇಕಿತ್ತು. ಉಳಿದದ್ದು ಒಂದೆರಡು ಕೊಬ್ಬರಿ ಮಂಡಿ, ಒಂದು ಕಾಫಿ ಹೋಟೆಲು, ಮತ್ತೆ ಬೀದಿಯ ತುದಿಯ ಹೊಂಗೆಮರದ ಕೆಳಗೆ ಹೂವಿನ ಟೇಬಲ್ಲು ಹಾಕಿಕೊಂಡಿದ್ದ ಹೂವಿನಮ್ಮ.

ಆಕೆ ನನ್ನ ಗೆಳೆಯನ ಹೆಂಡತಿ. ಗೆಳೆಯ ಬೋರ್ಡ್ ಬರೆಯುತ್ತಿದ್ದ. ನಾವಿಬ್ಬರೂ ಬೇಲೂರಿನಲ್ಲಿ ಒಬ್ಬರೇ ಗುರುವಿನ ಹತ್ತಿರ ಕುಂಚ ಹಿಡಿದವರು. ನಾಟಕದ ಪರದೆ, ಗಾಜಿನ ಮೇಲೆ ದೇವರ ಪಟ ಬರೆಯುತ್ತಿದ್ದ ಮುದುಕ ಅವರು. ನಾನು ಸರ್ಟಿಫಿಕೇಟ್ ಮಾಡಿಕೊಂಡು ಸಂಬಳದ ಕೆಲಸ ಹಿಡಿದೆ, ಅವನು ಊರಿನ ಅಂಗಡಿಗಳ ಹಣೆಬರಹ ಬರೆದುಕೊಂಡು ಉಳಿದ. ದಾರ ಹಿಡಿಯದೆ ನೆಟ್ಟಗೆ ಗೆರೆ ಎಳೆಯುತ್ತಿದ್ದ. ಆ ಕೈ ನನಗಿರಲಿಲ್ಲ, ಈಗ ಒಪ್ಪಿಕೊಳ್ಳುವುದರಲ್ಲಿ ನಷ್ಟವೇನಿಲ್ಲ. ಫ್ಲೆಕ್ಸ್ ಬಂದ ಮೇಲೆ ಎರಡೇ ವರ್ಷದಲ್ಲಿ ಅವನ ಕೆಲಸ ನಿಂತುಹೋಯಿತು. ನಮ್ಮ ಸ್ಕೂಲಿನ ಬೋರ್ಡನ್ನೂ ಫ್ಲೆಕ್ಸಿಗೆ ಕೊಟ್ಟಾಗ ನಾನು ಸ್ಟಾಫ್ ರೂಮಿನಲ್ಲಿ ಕೂತು ಆಗಲಿ ಎಂದು ತಲೆಯಾಡಿಸಿದೆ. ಕೆಲವು ತಿಂಗಳಾದ ಮೇಲೆ ಅವನು ಹುಬ್ಬಳ್ಳಿ ಕಡೆ ಗೋಡೆ ಬರೆಯುವ ಕೆಲಸವಿದೆಯಂತೆ ಎಂದು ರೈಲು ಹತ್ತಿದ. ಒಂದು ವರ್ಷ ಕಾಫಿ ಹೋಟೆಲಿನ ಫೋನಿಗೆ ಆಗಾಗ ಮಾತಾಡುತ್ತಿದ್ದ, ಆಮೇಲೆ ಅದೂ ಇಲ್ಲ. ಆಕೆಯ ಅಣ್ಣ ಎರಡು ಸಲ ಹುಬ್ಬಳ್ಳಿಗೆ ಹೋಗಿ ಹುಡುಕಿ ಬರಿಗೈಯಲ್ಲಿ ಬಂದ.

ಅವನು ಹೋದ ನಾಲ್ಕನೆಯ ವರ್ಷ ಸ್ಕೂಲಿನ ವಿಳಾಸಕ್ಕೆ ನನ್ನ ಹೆಸರಲ್ಲಿ ಒಂದು ಕಾಗದ ಬಂತು. ಬರೆದವನು ಹುಬ್ಬಳ್ಳಿ ಕಡೆಯ ಒಂದು ಬಣ್ಣದಂಗಡಿಯ ಯಜಮಾನ. ನಿಮ್ಮ ಕಡೆಯ ಪೇಂಟರು ನಮ್ಮಲ್ಲಿ ಕೆಲಸ ಮಾಡಿಕೊಂಡಿದ್ದರು, ಜ್ವರ ಬಂದು ನಾಲ್ಕು ದಿನದಲ್ಲಿ ತೀರಿಕೊಂಡರು, ಮನೆಯವರ ವಿಳಾಸ ಗೊತ್ತಾಗಲಿಲ್ಲ, ಸಂಸ್ಕಾರ ನಾವೇ ಮಾಡಿದೆವು, ಅವರ ಪೆಟ್ಟಿಗೆಯಲ್ಲಿ ನೀವು ಬರೆದ ಹಳೆಯ ಕಾರ್ಡೊಂದು ಸಿಕ್ಕಿತು, ದಯವಿಟ್ಟು ಮನೆಯವರಿಗೆ ತಿಳಿಸುವುದು. ಇಷ್ಟೇ. ನಾನು ಸ್ಟಾಫ್ ರೂಮಿನಿಂದ ಎದ್ದು ಹೋಗಿ ಸ್ಕೂಲಿನ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತೆ.

ಹೂವಿನಮ್ಮನ ಮಗಳ ಮದುವೆಗೆ ಆವತ್ತಿಗೆ ಒಂಬತ್ತು ದಿನ ಉಳಿದಿತ್ತು. ಕಣಕಟ್ಟೆಯ ಗಂಡು. ಈಗ ಈ ಕಾಗದ ತೆಗೆದುಕೊಂಡು ಹೋದರೆ ಮನೆಗೆ ಸೂತಕ, ಮದುವೆ ಮುಂದಕ್ಕೆ. ಮುಂದಕ್ಕೆ ಹೋದ ಮದುವೆ ನಡೆಯುತ್ತದೆಂದು ಯಾರು ಹೇಳಬೇಕು? ನಡೆದರೂ ಹೆತ್ತ ತಾಯಿ ಅರಿಶಿನ ಹಚ್ಚುವ ಹಾಗಿಲ್ಲ, ಹಸೆಯ ಹತ್ತಿರ ಬರುವ ಹಾಗಿಲ್ಲ, ಹಿಂದೆ ಎಲ್ಲೋ ಕಂಬದ ಮರೆಗೆ ನಿಲ್ಲಬೇಕು. ಮದುವೆ ಮುಗಿಯಲಿ, ಮಾರನೆಯ ದಿನವೇ ಹೇಳಿಬಿಡುತ್ತೇನೆ ಎಂದುಕೊಂಡು ಕಾಗದವನ್ನು ಮನೆಯ ಬೀರುವಿನಲ್ಲಿ, ನನ್ನ ಸರ್ಟಿಫಿಕೇಟುಗಳ ಕೆಳಗಿಟ್ಟೆ. ಆಗ ಅದು ತಪ್ಪೆಂದು ನನಗೆ ಅನಿಸಲಿಲ್ಲ. ದೊಡ್ಡ ಮನುಷ್ಯನ ಕೆಲಸ ಮಾಡುತ್ತಿದ್ದೇನೆ ಎಂದೇ ಅನಿಸಿತ್ತು.

ಮದುವೆ ಆಯಿತು. ಮಾರನೆಯ ದಿನ ಮಗಳನ್ನು ಕಳಿಸಿ ಅತ್ತು ಕೂತವಳಿಗೆ ಹೇಗೆ ಹೇಳುವುದು? ಆಮೇಲೆ ಮೊದಲ ಆಷಾಢಕ್ಕೆ ಮಗಳು ತವರಿಗೆ ಬಂದಳು, ಗೌರಿ ಹಬ್ಬದ ಬಾಗಿನ ಕೊಡುವುದಿತ್ತು, ಅಳಿಯನ ಮೊದಲ ದೀಪಾವಳಿ ಬಂತು. ಅಷ್ಟರಲ್ಲಿ ಮಗಳು ಬಸುರಿ. ಮಡಿಲು ತುಂಬುವ ಶಾಸ್ತ್ರ, ಬಾಣಂತನ, ಹೆಸರಿಡುವುದು. ಕೆಟ್ಟ ಸುದ್ದಿ ಹೇಳಲು ಒಳ್ಳೆಯ ದಿನ ಹುಡುಕಿಕೊಂಡು ಕೂತಿದ್ದ ಪುಣ್ಯಾತ್ಮ ನಾನು. ಎರಡು ವರ್ಷ ಕಳೆದ ಮೇಲೆ ಇನ್ನೊಂದು ತೊಡಕು ಸೇರಿಕೊಂಡಿತು. ಸತ್ತದ್ದನ್ನು ಹೇಳುವುದರ ಜೊತೆಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಿತ್ತು. ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು. ಹೆಂಡತಿಯ ಹತ್ತಿರ ಕೂಡ ಬಾಯಿ ಬಿಡಲಿಲ್ಲ, ಅವಳು ತಿಳಿಯದೆಯೇ ತೀರಿಹೋದಳು.

ನನಗೆ ನಾನು ಹೇಳಿಕೊಂಡ ಸಮಾಧಾನವೂ ಒಂದಿತ್ತು. ಆಕೆ ಹೂವು ಮಾರುವವಳು. ಮದುವೆ ಮನೆಯ ದಂಡೆ, ಮೊಗ್ಗಿನ ಜಡೆ, ಬಾಗಿನದ ಹೂವು ಎಲ್ಲ ಆಕೆಯ ಕೈಯಿಂದಲೇ ಹೋಗುತ್ತಿದ್ದವು. ಮುತ್ತೈದೆಯ ಕೈಯ ಹೂವು ಎಂದು ನಮ್ಮ ಕಡೆ ಇವತ್ತಿಗೂ ನೋಡುವವರಿದ್ದಾರೆ. ಹಣೆಯ ಕುಂಕುಮ ಹೋದರೆ ಟೇಬಲ್ಲೂ ಹೋಗುತ್ತದೆ, ಆಕೆಯ ಅನ್ನಕ್ಕೆ ನಾನೇಕೆ ಕಲ್ಲು ಹಾಕಲಿ ಎಂದು. ಕೇಳಲು ಚೆನ್ನಾಗಿದೆ. ದಿನಾ ಸಂಜೆ ರೈಲಿಳಿದು ಬರುವಾಗ ಆಕೆ, ಏನಣ್ಣಯ್ಯ ಇವತ್ತು ತಡ, ಎಂದು ಕೇಳುವಾಗ ಮಾತ್ರ ಈ ಸಮಾಧಾನ ಕೆಲಸಕ್ಕೆ ಬರುತ್ತಿರಲಿಲ್ಲ. ನೆಲ ನೋಡಿಕೊಂಡು ಉತ್ತರ ಕೊಡುತ್ತಿದ್ದೆ. ರಿಟೈರಾದ ಮೇಲೂ ಹೀಗೇ, ಒಟ್ಟು ಹನ್ನೊಂದು ವರ್ಷ ನಡೆಯಿತು.

ಅಷ್ಟರಲ್ಲಿ ಸ್ಟೇಷನ್ನಿಗೆ ಹೊಸ ಮುಖ ಬಂತು. ಮುಂಭಾಗಕ್ಕೆ ಕಂಬಗಳು, ಒಳಗೆ ಹೊಳೆಯುವ ನೆಲ, ಹಳಿಗಳ ಮೇಲೆ ಅಗಲವಾದ ಮೇಲ್ಸೇತುವೆ. ಹೊರಗಿನಿಂದ ಬಂದ ಚಿತ್ರಗಾರರು ಒಳಗಿನ ಗೋಡೆಗಳ ಮೇಲೆ ಬೇಲೂರಿನ ಶಿಲಾಬಾಲಿಕೆಯರನ್ನು ಬರೆದರು. ನಾನು ದಿನಾ ಹೋಗಿ ನೋಡಿ ಮೂಗು ಮುರಿಯುತ್ತಿದ್ದೆ. ಕನ್ನಡಿ ಹಿಡಿದವಳ ಮಣಿಕಟ್ಟು ಹೀಗಿಲ್ಲ, ಗಿಣಿ ಹಿಡಿದವಳ ಸೊಂಟ ಹಾಗಿಲ್ಲ ಎಂದು ಕಾಫಿ ಹೋಟೆಲಿನಲ್ಲಿ ಕೂತು ಭಾಷಣ ಮಾಡಿದೆ. ನಿಜ ಹೇಳುತ್ತೇನೆ, ಚಿತ್ರಗಳು ಚೆನ್ನಾಗಿಯೇ ಇದ್ದವು. ನನ್ನನ್ನು ಯಾರೂ ಕರೆಯಲಿಲ್ಲವೆಂದು ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಕೊಬ್ಬರಿ ಮಂಡಿಯ ಯಜಮಾನರು ನನ್ನ ಗೊಣಗಾಟ ಕೇಳಿ ಕೇಳಿ ಬೇಸತ್ತು, ನಮ್ಮ ಬೀದಿಯ ಗೋಡೆಗೆ ನೀವೇ ಬರೆಯಿರಿ, ಅನುಮತಿ ನಾವು ಕೇಳುತ್ತೇವೆ ಎಂದರು. ಅನುಮತಿ ಬಂದೇಬಿಟ್ಟಿತು.

ದೇವರ ಚಿತ್ರ ಬರೆದರೆ ಅಲ್ಲಿ ಯಾರೂ ಪಂಚೆ ಎತ್ತುವುದಿಲ್ಲ ಎಂಬುದು ಬೀದಿಯವರ ಆಲೋಚನೆ. ಮೂತ್ರ ಕಾಯಲು ದೇವರನ್ನು ನಿಲ್ಲಿಸಲಾರೆ ಎಂದು ನಾನು ರೇಗಿದೆ. ಹಳೇಬೀಡಿನ ಲೆಕ್ಕದಲ್ಲೇ ಗೋಡೆಯನ್ನು ಸಾಲು ಸಾಲಾಗಿ ಕಟ್ಟಿದೆ. ತಳದಲ್ಲಿ ಆನೆಯ ಬದಲು ತೆಂಗಿನಕಾಯಿ, ಅದರ ಮೇಲೆ ಗೂಡ್ಸ್ ಗಾಡಿಯ ಡಬ್ಬಗಳು, ಅದರ ಮೇಲೆ ಸೇವಂತಿಗೆಯ ಬಳ್ಳಿ, ಕಥೆಯ ಸಾಲಿನಲ್ಲಿ ಆಳೆತ್ತರಕ್ಕೆ ನಮ್ಮ ಬೀದಿಯ ಜನ. ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಹೆಂಗಸರು, ಕೆಂಪಂಗಿಯ ಹಮಾಲಿ, ಕಾಫಿ ಎತ್ತಿ ಸುರಿಯುವ ಹೋಟೆಲಿನವ. ಎರಡು ತಿಂಗಳು ಏಣಿ ಹತ್ತಿ ಇಳಿದೆ. ಕೊನೆಗೆ ಹೂವಿನಮ್ಮ. ಆಕೆಯನ್ನು ಬಿಟ್ಟುಬಿಡಬಹುದಿತ್ತು. ಆದರೆ ಬೀದಿಯ ತುದಿಯಲ್ಲಿ, ಗೋಡೆ ತಿರುಗಿ ಮೇಲ್ಸೇತುವೆಗೆ ಮುಖ ಮಾಡಿದ, ಎಲ್ಲರಿಗೂ ಕಾಣುವ ಜಾಗಕ್ಕೆ ಬೇರೆ ಮುಖ ಹೊಂದುತ್ತಿರಲಿಲ್ಲ. ಜೊತೆಗೆ, ಆಕೆಯನ್ನು ಚೆಂದ ಮಾಡಿ ಬರೆದರೆ ಮಾಡಿದ ತಪ್ಪು ಸ್ವಲ್ಪ ತೀರುತ್ತದೆ ಎಂದು ಒಳಗೊಳಗೇ ಅಂದುಕೊಂಡೆ. ಹೀಗೂ ಯೋಚನೆ ಮಾಡುತ್ತಾನೆ ಮನುಷ್ಯ.

ಇಲ್ಲಿ ನಮ್ಮ ಗುರುಗಳ ಪದ್ಧತಿಯೊಂದನ್ನು ಹೇಳಬೇಕು. ಹೆಂಗಸಿನ ಚಿತ್ರ ಬರೆದರೆ ಕಣ್ಣು ತೆರೆಸುವುದು ಕೊನೆಗೆ, ಹಣೆಗೆ ಬೊಟ್ಟು ಇಡುವುದು ಅದಕ್ಕೂ ಕೊನೆಗೆ. ಆ ಬೊಟ್ಟನ್ನು ಬರೆದವನು ಇಡಬಾರದು. ಪರರ ಹೆಂಡತಿಯ ಹಣೆ ಮುಟ್ಟುವ ಹಕ್ಕು ಚಿತ್ರದಲ್ಲೂ ನಮಗಿಲ್ಲ ಎನ್ನುತ್ತಿದ್ದರು. ಮನೆಯಿಂದ ಒಬ್ಬ ಮುತ್ತೈದೆಯನ್ನು ಕರೆದು ಇಡಿಸುತ್ತಿದ್ದರು. ಗೆಳೆಯನೂ ನಾನೂ ಅದನ್ನು ತಪ್ಪಿಸಿದವರಲ್ಲ. ನಾನು ಬರೆದ ಲಕ್ಷ್ಮಿ, ಸರಸ್ವತಿಯರಿಗೆಲ್ಲ ನನ್ನ ಹೆಂಡತಿಯೇ ಬೊಟ್ಟು ಇಟ್ಟಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಗಿತ್ತು. ಕೊಬ್ಬರಿಯ ಹೆಂಗಸರು ಬಂದು ತಮ್ಮ ತಮ್ಮ ಚಿತ್ರಕ್ಕೆ ತಾವೇ ನಗುತ್ತಾ ಇಟ್ಟುಕೊಂಡು ಹೋಗಿದ್ದರು. ಹೂವಿನಮ್ಮನೂ ಬಂದಳು. ಬೀದಿಯವರೆಲ್ಲ ಸುತ್ತ ನಿಂತಿದ್ದರು. ನಾನು ಕೆಂಪು ಬಣ್ಣದ ಬಟ್ಟಲನ್ನು ಮುಂದೆ ಹಿಡಿದೆ. ಆಕೆ ಉಂಗುರದ ಬೆರಳನ್ನು ಅದ್ದಿ, ಹಾಗೇ ನಿಂತುಬಿಟ್ಟಳು. ಆಮೇಲೆ ನನಗೊಬ್ಬನಿಗೇ ಕೇಳುವ ಹಾಗೆ ಮಾತಾಡಿದಳು.

“ಅಣ್ಣಯ್ಯ, ಅವ್ರು ಎಲ್ಲೋ ಚೆನ್ನಾಗವ್ರೆ ಅನ್ಕಂಡು ಇಷ್ಟು ದಿನ ಇಕ್ಕಂಡು ಬಂದೆ. ನನ್ ಹಣೇಲಿ ಇರೋದು ನಂಗಷ್ಟೇ. ಇದು ಊರೆಲ್ಲ ನೋಡೋ ಗೋಡೆ. ನೀವು ಅವ್ರ ಜೊತೆಗಾರ್ರು, ನಿಮ್ಮನ್ನೇ ಕೇಳ್ತೀನಿ. ನಾನು ಇಕ್ಬೋದಾ?”

ಈಗಲೂ ನನಗೆ ಆ ಗಳಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟು ನೇರವಾಗಿ ಹನ್ನೊಂದು ವರ್ಷದಲ್ಲಿ ಆಕೆ ಕೇಳಿದ್ದೇ ಇಲ್ಲ. ಬೇಡಮ್ಮ, ಮನೆಗೆ ಬಾ, ಮಾತಾಡುವುದಿದೆ ಎನ್ನಲು ಎಷ್ಟು ಹೊತ್ತು ಬೇಕಾಗಿತ್ತು? ಆದರೆ ಸುತ್ತ ಜನ, ಕೈಯಲ್ಲಿ ಮೊಬೈಲು ಎತ್ತಿ ಹಿಡಿದವರು, ಎರಡು ತಿಂಗಳ ನನ್ನ ಕೆಲಸ ಒಂದು ಬೊಟ್ಟಿಗೆ ಕಾದು ನಿಂತಿತ್ತು.

“ಇಡಮ್ಮ, ಅದಕ್ಕೇನಂತೆ,” ಎಂದೆ.

ಆಕೆ ಏಣಿಯ ಎರಡು ಮೆಟ್ಟಿಲು ಹತ್ತಿ ಇಟ್ಟಳು. ಬೆರಳನ್ನು ಗೋಡೆಗೆ ಒತ್ತಿ, ಸ್ವಲ್ಪ ತಿರುಗಿಸಿ, ತನ್ನ ಹಣೆಗೆ ಇಟ್ಟುಕೊಳ್ಳುವ ಹಾಗೆಯೇ. ಜನ ಚಪ್ಪಾಳೆ ತಟ್ಟಿದರು. ನಾನೂ ಬಟ್ಟಲನ್ನು ಕೆಳಗಿಟ್ಟು ತಟ್ಟಿದೆ.

ಗೋಡೆಯಿಂದ ಬೀದಿ ಬದಲಾಯಿತು ಎಂದರೆ ಅತಿಶಯೋಕ್ತಿಯಲ್ಲ. ಹೊಸ ಸ್ಟೇಷನ್ನು ನೋಡಲು ಬಂದವರು ಬೀದಿಗೂ ಇಳಿಯತೊಡಗಿದರು. ದೀಪದ ಕಂಬಗಳು ಬಂದವು. ಮುಚ್ಚಿದ್ದ ಲಾಡ್ಜಿನ ಕೆಳಭಾಗದಲ್ಲಿ ಗಂಡಹೆಂಡಿರಿಬ್ಬರು ತಟ್ಟೆ ಇಡ್ಲಿಯ ಹೋಟೆಲು ತೆರೆದರು, ಅದರ ಪಕ್ಕ ಒಬ್ಬಾಕೆ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಳು. ಸಂಜೆ ಹೆಂಗಸರು ಸೆರಗನ್ನು ಮೂಗಿಗೆ ಹಿಡಿಯದೆ ವಾಕಿಂಗ್ ಬರುತ್ತಿದ್ದರು. ಮದುವೆ ಗೊತ್ತಾದ ಜೋಡಿಗಳು ಕ್ಯಾಮೆರಾದವರನ್ನು ಕರೆದುಕೊಂಡು ಬಂದು ಹೂವಿನಮ್ಮನ ಚಿತ್ರದ ಕೆಳಗೆ ನಿಂತು, ಪಕ್ಕದ ಟೇಬಲ್ಲಿನಲ್ಲಿ ಹೂವು ಕೊಂಡು ಮುಡಿದರು. ಒಂದು ಶುಕ್ರವಾರ ಯಾರೋ ಒಬ್ಬಾಕೆ ಸ್ಟೂಲು ಹತ್ತಿ ಚಿತ್ರದ ಹಣೆಗೆ ನಿಜವಾದ ಕುಂಕುಮವನ್ನೇ ಹಚ್ಚಿ ಹೋದಳು. ಅದೇ ರೂಢಿಯಾಯಿತು. ನನಗೆ ಒಂದು ಶಾಲು ಹೊದಿಸಿ ಹಾರ ಹಾಕಿದರು. ಹಾರ ಕಟ್ಟಿದವಳು ಆಕೆಯೇ. ಮನೆಗೆ ತಂದು ಅದನ್ನು ಎಲ್ಲಿಡಬೇಕೋ ತಿಳಿಯದೆ ಬಚ್ಚಲುಮನೆಯ ಮೊಳೆಗೆ ನೇತುಹಾಕಿದೆ.

ಆಮೇಲೆ ಒಂದು ದಿನ ಮೊಬೈಲಿನಲ್ಲಿ ವಿಡಿಯೊ ಮಾಡುವವರೊಬ್ಬರು ಬಂದು ಚಿತ್ರದ ಪಕ್ಕ ಆಕೆಯನ್ನು ನಿಲ್ಲಿಸಿ ಮಾತಾಡಿಸಿದರು. ಆ ವಿಡಿಯೊ ಬೀದಿಯ ಎಲ್ಲರ ಫೋನಿಗೂ ಬಂತು, ನನ್ನ ಫೋನಿಗೂ. ಗೋಡೆ ಬಂದದ್ದರಿಂದ ನಿಮಗೇನು ಒಳ್ಳೆಯದಾಯಿತು ಎಂದು ಕೇಳಿದ್ದಕ್ಕೆ ಆಕೆ ವ್ಯಾಪಾರದ ಮಾತೇ ಎತ್ತಲಿಲ್ಲ.

“ನಮ್ ಯಜಮಾನ್ರೂ ಪೇಂಟ್ರು. ರೈಲಲ್ಲಿ ಹೋದೋರು. ಆ ಬ್ರಿಜ್ ಮ್ಯಾಲೆ ನಿಂತ್ರೆ ಈ ಚಿತ್ರ ಕಾಣ್ತೈತೆ. ಯಾವತ್ತಾರ ಈ ಕಡೆ ಬಂದ್ರೆ ನೋಡಿ ಇಳ್ಕಂಡು ಬತ್ತಾರೆ.”

ಮೂರು ಸಲ ಹಾಕಿ ನೋಡಿದೆ. ಆಕೆಯ ಮುಖದಲ್ಲಿ ನಾಚಿಕೆಯಿತ್ತು. ಮಾರನೆಯ ದಿನದಿಂದ ಇನ್ನೊಂದನ್ನೂ ಕಂಡೆ. ಮಧ್ಯಾಹ್ನ ಹುಬ್ಬಳ್ಳಿ ಕಡೆಯ ರೈಲು ಬರುವ ಹೊತ್ತಿಗೆ ಆಕೆ ಟೇಬಲ್ಲನ್ನು ಬ್ಲೌಸಿನಂಗಡಿಯವಳಿಗೆ ನೋಡಿಕೊಳ್ಳಲು ಹೇಳಿ, ಚಿತ್ರದ ಕೆಳಗೆ ಬಂದು ನಿಂತು ಮೇಲ್ಸೇತುವೆಯ ಕಡೆ ನೋಡುತ್ತಿದ್ದಳು. ತಲೆಗೆ ಒಂದು ಮಾರು ಹೂವು ಹೆಚ್ಚಿಗೆ ಮುಡಿದಿರುತ್ತಿದ್ದಳು. ಸೇತುವೆ ಖಾಲಿಯಾಗುವವರೆಗೆ ನಿಂತು ವಾಪಸ್ಸು ಹೋಗುತ್ತಿದ್ದಳು. ಇಷ್ಟು ವರ್ಷ ಆಕೆ ಕುಂಕುಮ ಇಡುತ್ತಿದ್ದಳೇ ಹೊರತು ಕಾಯುವುದನ್ನು ಎಂದೋ ಬಿಟ್ಟಿದ್ದಳು. ಈಗ ನನ್ನ ಗೋಡೆ ಆಕೆಯನ್ನು ಮತ್ತೆ ಕಾಯಲು ಹಚ್ಚಿತ್ತು.

ಹನ್ನೆರಡು ದಿನ ಹೀಗೆ ನೋಡಿದೆ. ಹದಿಮೂರನೆಯ ದಿನ ಬೀರು ತೆಗೆದು ಕಾಗದ ಜೇಬಿಗಿಟ್ಟುಕೊಂಡು, ರೈಲು ಹೋದ ಮೇಲೆ, ಆಕೆಯ ಮನೆಗೆ ಹೋದೆ. ನಮ್ಮ ಮನೆಯಿಂದ ಎರಡೇ ಬಾಗಿಲು ಆಚೆ. ಮೊರದ ತುಂಬ ಕಾಕಡ ಸುರಿದುಕೊಂಡು ಕಟ್ಟುತ್ತಾ ಕೂತಿದ್ದಳು. ಬನ್ನಿ ಅಣ್ಣಯ್ಯ, ಕಾಫಿ ಇಡಲಾ ಎಂದಳು. ಬೇಡಮ್ಮ ಎಂದು ಹೊಸ್ತಿಲ ಹತ್ತಿರವೇ ಕೂತು ಕಾಗದ ತೆಗೆದೆ. ಏನೆಂದು ಹೇಳಬೇಕಾಗಿ ಬರಲಿಲ್ಲ. ನನ್ನ ಕೈಯ ಕಾಗದ ನೋಡಿದ್ದೇ ಆಕೆಯ ಬೆರಳುಗಳು ದಾರದ ಮೇಲೆ ನಿಂತವು. ಓದಿ ಎಂದಳು. ಓದಿದೆ. ಮೇಲಿದ್ದ ತಾರೀಕನ್ನು ಬಿಟ್ಟು ಓದಿದೆ. ಆಕೆ ಅದನ್ನೇ ಕೇಳಿದಳು. ತಾರೀಕು ಹೇಳಿದೆ.

ಮಗಳ ಮದುವೆಗೆ ಮುಂಚೆಯೇ ಬಂದಿತ್ತಾ ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಒದರಿದೆ. ಸೂತಕ, ಆಷಾಢ, ಬಾಣಂತನ, ಹೂವಿನ ವ್ಯಾಪಾರ, ನನ್ನ ಹೇಡಿತನ. ಗೋಡೆಯ ಹತ್ತಿರ ನೀನು ಕೇಳಿದಾಗಲೂ ಸುಳ್ಳು ಹೇಳಿದೆ, ತಪ್ಪಾಯಿತಮ್ಮ ಎಂದೆ. ಆಕೆ ಬೈಯುತ್ತಾಳೆ, ಅಳುತ್ತಾಳೆ, ಮೊರ ಎತ್ತಿ ಮುಖಕ್ಕೆ ಎಸೆಯುತ್ತಾಳೆ ಎಂದು ಕಾದೆ. ಎಸೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ನನ್ನ ಮಾತು ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬೆರಳು ಮಡಿಸಿ ಏನನ್ನೋ ಎಣಿಸುತ್ತಿದ್ದಳು.

“ಪ್ರತಿ ವರ್ಷ ಅಮಾಸೆಲಿ ನಮ್ಮತ್ತೆ ಮಾವಂಗೆ ಎಡೆ ಇಕ್ತಿದ್ದೆ,” ಎಂದಳು. “ಅವ್ರಿಗೆ ಇಕ್ಲಿಲ್ಲ. ಬದುಕಿರೋರ್ಗೆ ಯಾರಾದ್ರೂ ಎಡೆ ಇಕ್ತಾರಾ? ಹನ್ನೊಂದು ವರ್ಷ ಬಾಗ್ಲಿಗೆ ಬಂದು ಹಸ್ಕಂಡು ಹೋಗವ್ರೆ, ಮೇಷ್ಟ್ರೇ.”

ಮದುವೆಯಾಗಿ ಬಂದ ದಿನದಿಂದ ಅಣ್ಣಯ್ಯ ಎನ್ನುತ್ತಿದ್ದವಳು ಮೇಷ್ಟ್ರೇ ಎಂದಳು. ಅದಕ್ಕಿಂತ ಹೆಚ್ಚಾಗಿ ಆ ಹಸಿವಿನ ಮಾತು ನನ್ನನ್ನು ಕೆಡವಿತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರು ಮನೆ ಬಾಗಿಲಿಗೆ ಬರುತ್ತಾರೆ, ಎಡೆ ಇಟ್ಟರೆ ಉಂಡು ಹರಸಿ ಹೋಗುತ್ತಾರೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿಲ್ಲವೇ? ನನ್ನ ಹೆಂಡತಿ ಹೋದಾಗಿನಿಂದ ಒಂದು ವರ್ಷವೂ ತಪ್ಪದೆ ಎಲೆ ಹಾಕಿ, ಅವಳಿಗೆ ಇಷ್ಟವಾದ ಒಬ್ಬಟ್ಟು ಮಾಡಿಸಿ, ಸೀರೆ ಮಡಿಸಿಟ್ಟು ಕೈಮುಗಿದವನು ನಾನು. ಅದೇ ದಿನ, ಎರಡು ಬಾಗಿಲು ಆಚೆ, ನನ್ನ ಬುತ್ತಿಯಲ್ಲಿ ಅರ್ಧ ಉಂಡು ಬೆಳೆದ ಗೆಳೆಯನ ಪಾಲಿಗೆ ಎಲೆಯಿಲ್ಲ. ಆಕೆಯ ಕುಂಕುಮ, ಆಕೆಯ ವ್ಯಾಪಾರ, ಮಗಳ ಮದುವೆ, ನನ್ನ ಮುಖ, ಎಲ್ಲದರ ಬಗ್ಗೆ ಹನ್ನೊಂದು ವರ್ಷ ಯೋಚಿಸಿದ್ದೆ. ಸತ್ತವನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಹೊಸ್ತಿಲು ಹಿಡಿದುಕೊಂಡು ಎದ್ದು ಬಂದೆ. ಆಕೆ ತಡೆಯಲಿಲ್ಲ.

ಕಣಕಟ್ಟೆಯಿಂದ ಮಗಳು ಅಳಿಯ ಬಂದರು. ಏನೇನು ಮಾಡಬೇಕೋ ಮಾಡಿದರು. ನನ್ನನ್ನು ಕರೆಯಲಿಲ್ಲ, ನಾನು ಹೋಗಲೂ ಇಲ್ಲ. ಒಂದು ವಾರದ ಮೇಲೆ ಆಕೆ ಬರಿ ಹಣೆಯಲ್ಲಿ ಬಂದು ಟೇಬಲ್ಲು ಹಾಕಿದಳು. ಮದುವೆಯ ಹೂವು ಹೇಳಿದ್ದ ಎರಡು ಮನೆಯವರು ಬೇರೆ ಕಡೆ ಹೇಳಿಕೊಂಡರು. ಎರಡೇ ಮನೆ. ಉಳಿದವರೆಲ್ಲ ಎಂದಿನ ಹಾಗೆ ಬಂದು, ಮೊಳಕ್ಕೆ ಒಂದು ಚೂರು ಕೊಸರಿಕೊಂಡು, ಹೂವು ಮುಡಿದು ಹೋದರು. ಇಷ್ಟಕ್ಕೆ ಹೆದರಿ ನಾನು ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಚಿತ್ರದ ಕುಂಕುಮವನ್ನು ಅಳಿಸಬೇಕಲ್ಲವೇ ಎಂದು ಮಂಡಿಯ ಯಜಮಾನರು ಯಾರ ಕೈಲೋ ಕೇಳಿಸಿದರಂತೆ. ಬರೆದ ದಿನ ಇದ್ದ ಹಾಗೆ ಇದೆ, ಇರಲಿ ಬಿಡಿ ಎಂದಳಂತೆ. ಮಧ್ಯಾಹ್ನದ ರೈಲಿಗೆ ಗೋಡೆಯ ಹತ್ತಿರ ಬರುವುದನ್ನು ನಿಲ್ಲಿಸಿದಳು. ಹಿಂದಿನ ಸಂದಿಯಲ್ಲಿ ಓಡಾಡುವುದನ್ನು ನಾನು ಶುರು ಮಾಡಿದ್ದು ಆಗಲೇ.

ಈ ಸಲದ ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಆಕೆಯ ಮಗಳು ಬಾಗಿಲಿಗೆ ಬಂದು ನಿಂತಳು. ನನ್ನ ಮುಖ ನೋಡದೆ, ಅಮ್ಮ ಮಧ್ಯಾಹ್ನ ಬರಬೇಕಂತೆ ಎಂದು ಹೇಳಿ ಹೋದಳು. ನನ್ನ ಮನಸ್ಸು ಎಂಥದ್ದು ನೋಡಿ, ಕ್ಷಮಿಸಿಬಿಟ್ಟಳು ಎಂದು ತಕ್ಷಣ ಹಿಗ್ಗಿತು. ನನ್ನ ಮನೆಯ ಎಡೆ ಮುಗಿಸಿ, ಒಗೆದ ಪಂಚೆ ಉಟ್ಟು, ಬಾಳೆಹಣ್ಣು ಹಿಡಿದುಕೊಂಡು ಹೋದೆ.

ನಡುಮನೆಯ ತುಂಬ ಬಾಳೆಎಲೆ ಹಾಸಿತ್ತು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ, ಸಾಲದೆ ಬಾಗಿಲ ಕಡೆಗೆ ತಿರುಗಿಸಿ ಹಾಕಿದ್ದರು. ಅತ್ತೆ ಮಾವನ ಎರಡು ಎಲೆ ಒಳಗೆ ದೇವರ ಹತ್ತಿರ ಬೇರೆ ಇದ್ದವು. ಇಲ್ಲಿದ್ದವು ಹನ್ನೆರಡು. ಎಲ್ಲವೂ ಖಾಲಿ. ತಲೆಯ ಕಡೆ ಅವನ ಹಳೆಯ ಫೋಟೊ, ಒಂದು ಹೊಸ ಪಂಚೆ, ಒಂದು ಕಟ್ಟು ಬೀಡಿ. ಒಳಗಿನಿಂದ ಆಕೆ ಮುದ್ದೆಯ ತಪ್ಪಲೆ, ಮಾಂಸದ ಸಾರು, ವಡೆ, ಹುಚ್ಚೆಳ್ಳಿನ ಚಟ್ನಿ, ಕಜ್ಜಾಯ ಒಂದೊಂದಾಗಿ ತಂದು ನನ್ನ ಕಾಲ ಬಳಿ ಇಟ್ಟಳು. ಹನ್ನೆರಡು ಜನ ಹೊಟ್ಟೆ ತುಂಬ ಉಣ್ಣುವಷ್ಟು ಅಡಿಗೆ. ಆಮೇಲೆ ಸೌಟನ್ನು ನನ್ನ ಕೈಗೆ ಕೊಟ್ಟಳು. ಕೂತುಕೊಳ್ಳಿ ಎನ್ನಲಿಲ್ಲ. ಬಡಿಸಿ ಎಂದಳು.

ಬಗ್ಗಿ ಬಡಿಸುತ್ತಾ ಹೋದೆ. ಒಂದೊಂದು ಎಲೆಗೂ ಮುದ್ದೆ, ಸಾರು, ವಡೆ, ಚಟ್ನಿ, ಕಜ್ಜಾಯ. ಮಂಡಿ ಉರಿಯುತ್ತಿತ್ತು. ತಗೋಳಪ್ಪ, ಉಣ್ಣು ಎಂದು ಬಾಯೊಳಗೇ ಅನ್ನುತ್ತಿದ್ದೆ. ನಾಲ್ಕನೆಯ ಎಲೆಗೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಸಾರು ಎಲೆಯಾಚೆ ಚೆಲ್ಲಿತು. ಮಗಳು ಬಟ್ಟೆ ತಂದು ಒರೆಸಿದಳು. ಆಕೆ ಬಾಗಿಲಿಗೆ ಒರಗಿ ಪ್ರತಿ ಎಲೆಯನ್ನೂ ನೋಡುತ್ತಿದ್ದಳು. ಹನ್ನೊಂದನೆಯದು ಮುಗಿಸಿ ಹನ್ನೆರಡನೆಯ ಎಲೆಗೆ ಬಗ್ಗಿದಾಗ ಹತ್ತಿರ ಬಂದು ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಇದು ಈ ವರ್ಷದ್ದು, ಮೇಷ್ಟ್ರೇ,” ಎಂದಳು. “ಇದನ್ನ ನಾನು ಇಕ್ತೀನಿ.”